ಕಲೆಯಾಗದ ಎಣ್ಣೆ

ಕಸುಬುದಾರನ ಮನೆಗೆ ಎರಡು ಬಾಗಿಲಿರಬೇಕು, ಒಂದು ಗಿರಾಕಿಗೆ, ಇನ್ನೊಂದು ಗುಟ್ಟಿಗೆ ಎಂದು ಹಿಂದಿನವರು ಹೇಳುತ್ತಿದ್ದರಂತೆ. ಹೊಲಿಗೆ ಮೆಷಿನ್ ರಿಪೇರಿಯ ಈ ಮನೆಗೆ ಇದ್ದದ್ದು ಒಂದೇ ಬಾಗಿಲು. ಮುಂದಿನ ಕೋಣೆಯೇ ಅಂಗಡಿ. ತರಕಾರಿ ಚೀಲ ಬಂದರೂ ಅಂಗಡಿ ದಾಟಿಯೇ ಒಳಗೆ ಬರಬೇಕು, ನೆಂಟರು ಬಂದರೂ ಹಾಗೆಯೇ. ಮನೆಯವರು ಜಗಳವಾಡಿ ಸಿಟ್ಟಿನಿಂದ ಹೊರಟರೂ ಬಿಚ್ಚಿಟ್ಟ ಮೆಷಿನ್‌ಗಳ ನಡುವೆ ಅಡ್ಡ ತಿರುಗಿ, ಹೊಟ್ಟೆ ಒಳಗೆ ಎಳೆದುಕೊಂಡು ಹೋಗಬೇಕು. ಹಾಗಾಗಿ ಎಷ್ಟೋ ಜಗಳ ಅಲ್ಲೇ ಅರ್ಧಕ್ಕೆ ನಿಂತಿದ್ದವು.

ಆ ಬಾಗಿಲ ಪಕ್ಕ, ಗೋಡೆಗೆ ಬೆನ್ನು ಕೊಟ್ಟು, ಮೂರು ಕಾಲಿನ ಸ್ಟೂಲಿನ ಮೇಲೆ ಮಾವ ಕೂತಿರುತ್ತಿದ್ದರು. ಎಪ್ಪತ್ತನಾಲ್ಕು ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿತ್ತು, ಇನ್ನೊಂದು ಬಾಕಿ ಇತ್ತು. ಆದರೆ ಅವರ ಕಸುಬು ಕಣ್ಣಿನಲ್ಲಿರಲಿಲ್ಲ. ಗಿರಾಕಿ ಮೆಷಿನ್ ಇಳಿಸಿ ನಾಲ್ಕು ಸುತ್ತು ತುಳಿದರೆ ಸಾಕು, ತಲೆ ಓರೆ ಮಾಡಿ ಕೇಳಿ, "ಶಟಲ್ ಅಲ್ಲಪ್ಪ, ಚಕ್ರದ ಬುಶ್ಶು. ಕಾಯಿಲೆ ಒಂದು ಕಡೆ, ಕೆಮ್ಮು ಇನ್ನೊಂದು ಕಡೆ," ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಬುಶ್ಶೇ ಸವೆದಿರುತ್ತಿತ್ತು. ಬೀದಿಯವರು ಅವರನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಈಗ ಬಿಚ್ಚುವುದು, ಜೋಡಿಸುವುದು ಎಲ್ಲ ಮಗನದು. ಮಾವನ ಪಾಲಿಗೆ ಉಳಿದದ್ದು ಮೊದಲಿಗೆ ಕೇಳುವುದು, ಕೊನೆಗೆ ಎಣ್ಣೆ ಬಿಡುವುದು. ಉದ್ದ ಮೂತಿಯ ಎಣ್ಣೆ ಡಬ್ಬಿ ಅವರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿದ್ದೇ ಇಲ್ಲ. "ಅನ್ನ ಬಡಿಸೋದು, ಎಣ್ಣೆ ಬಿಡೋದು, ಎರಡೂ ದೊಡ್ಡವರ ಕೆಲಸ," ಎಂದು ಅವರು ಹೇಳಿದರೆ, ಅತ್ತೆ ಅಡುಗೆಮನೆಯಿಂದಲೇ, "ಹಾಗಾದ್ರೆ ಬನ್ನಿ, ಅನ್ನವನ್ನೂ ನೀವೇ ಬಡಿಸಿ," ಅನ್ನುತ್ತಿದ್ದರು.

ಸೊಸೆ ಅದೇ ಕೋಣೆಯ ಕಿಟಕಿಯ ಬಳಿ ಕೂತು ದರ್ಜಿಗಳು ಕಳಿಸಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುತ್ತಿದ್ದಳು. ನಲವತ್ತಾರು ವರ್ಷ. ಒಬ್ಬಳೇ ಮಗಳು ದೂರದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಸೊಸೆಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಗಂಡನನ್ನು ಸೇರುವುದೂ ಹೆಚ್ಚುಕಡಿಮೆ ಅಂದಿನಿಂದಲೇ ನಿಂತಿತ್ತು. ಮೊದಲು ನೋವು, ಆಮೇಲೆ ನೋವಿನ ಭಯ, ಆಮೇಲೆ ನೆಪ. ಒಂದು ದಿನ ತಲೆನೋವು, ಒಂದು ದಿನ ಕುತ್ತಿಗೆ ಹಿಡಿದಿದೆ. ಗಂಡ ನಾಲ್ಕು ಸಲ ಕೇಳಿದ, ಐದನೆಯ ಸಲ ಕೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ಕಲಿತ. ಊಟಕ್ಕೆ ಕೂತಾಗ "ಉಪ್ಪು ಕೊಡು" ಅನ್ನುವುದರಾಚೆ ಮಾತು ಬೆಳೆಯುತ್ತಿರಲಿಲ್ಲ.

ಉರಿಮೂತ್ರವೆಂದು ಆಸ್ಪತ್ರೆಗೆ ಹೋದ ದಿನ ಡಾಕ್ಟರಮ್ಮ ಕೇಳಿದರು, "ಮನೆಯವರ ಜೊತೆ ಸೇರುವಾಗ ತೊಂದರೆ ಏನಾದ್ರೂ ಇದೆಯಾ?"

"ಇಲ್ಲ ಡಾಕ್ಟ್ರೇ. ಅವರು ಒಳ್ಳೆಯವರು."

"ಒಳ್ಳೆಯವರಾ ಅಂತ ಕೇಳ್ಲಿಲ್ಲಮ್ಮ. ನೋವಾಗುತ್ತಾ ಅಂತ ಕೇಳ್ದೆ."

ಸೊಸೆ ಮೇಜಿನ ಮೇಲಿನ ಕ್ಯಾಲೆಂಡರ್ ನೋಡಿದಳು. ಆ ತಿಂಗಳಿನ ಅಷ್ಟೂ ತಾರೀಕು ಓದಿ ಮುಗಿಸಿ "ಹ್ಞೂಂ" ಅಂದಳು.

"ಈ ವಯಸ್ಸಿಗೆ ಒಳಗೆ ಒಣಗೋದು ಸಹಜ. ಕಣ್ಣು ಒಣಗಿದ್ರೆ ಹನಿ ಹಾಕ್ಕೊಳ್ಳೋದಿಲ್ವಾ? ಲೂಬ್ರಿಕೆಂಟ್ ಅಂತ ಸಿಗುತ್ತೆ. ನೀರಿನದ್ದು ತಗೊಳ್ಳಿ, ಮನೆಯಲ್ಲಿರೋ ಎಣ್ಣೆಗಿಣ್ಣೆ ಹಚ್ಕೋಬೇಡಿ. ಹೊರಗಿಂದ ಇಟ್ಕೊಳ್ಳೋ, ಸಣ್ಣಗೆ ನಡುಗೋ ಸಾಧನಾನೂ ಬರುತ್ತೆ. ರಕ್ತ ಓಡಾಡುತ್ತೆ, ಮೈ ಸಡಿಲ ಆಗುತ್ತೆ. ಇಬ್ಬರೂ ಕೂತು ಆರಿಸಿ. ಬಳಸಿದ ಮೇಲೆ ಸೋಪಲ್ಲಿ ತೊಳೆದು ಒಣಗಿಸಿಡಿ. ಅವಸರ ಬೇಡ. ನೋವಾದ್ರೆ 'ನಿಲ್ಲಿಸಿ' ಅನ್ನೋ ಬಾಯಿ ನಿಮಗಿರಲಿ, ಕೇಳೋ ಕಿವಿ ಅವರಿಗಿರಲಿ."

ಸೊಸೆ ಬಸ್ಸಿನಲ್ಲಿ ಬರುವಾಗ ಪಕ್ಕದವರಿಗೂ ಅದು ಕೇಳಿಸಿತೇನೋ ಎಂಬಂತೆ ತಲೆ ತಗ್ಗಿಸಿ ಕೂತಳು. ಗಂಡನಿಗೆ ಹೇಳಲು ಮೂರು ದಿನ ಬೇಕಾಯಿತು. ಕೊನೆಗೂ ಬಾಯಲ್ಲಿ ಹೇಳಲಿಲ್ಲ. ಪೇಟೆಯಿಂದ ತರಬೇಕಾದ ಬಿಡಿಭಾಗಗಳ ಚೀಟಿ ಬರೆಯುವುದು ಅವಳದೇ ಕೆಲಸ. ಬಾಬಿನ್ ಕೇಸ್ ನಾಲ್ಕು, ಬೆಲ್ಟ್ ಎರಡು, ಸೂಜಿ ಒಂದು ಡಬ್ಬ ಎಂದು ಬರೆದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಲೂಬ್ರಿಕೆಂಟ್ ಒಂದು, ಮೆಷಿನ್ನಿಗಲ್ಲ" ಎಂದು ಸೇರಿಸಿದಳು.

ಪುಣ್ಯಕ್ಕೆ ಮಾವ ಚೌರಕ್ಕೆಂದು ಹೊರಗೆ ಹೋಗಿದ್ದರು. ಗಂಡ ಅಂಗಡಿಯ ನಡುವೆ ನಿಂತು ಚೀಟಿಯನ್ನು ಜೋರಾಗಿಯೇ ಓದಿದ. "ಲೂಬ್ರಿಕೆಂಟ್ ಒಂದು, ಮೆಷಿನ್ನಿಗಲ್ಲ. ಮೆಷಿನ್ನಿಗಲ್ಲ ಅಂದ್ರೆ ಇನ್ಯಾವುದಕ್ಕೇ?"

ಸೊಸೆಯ ಕೈಯಿಂದ ಗುಂಡಿ ಡಬ್ಬ ಬಿತ್ತು. ಇನ್ನೂರು ಗುಂಡಿ ಮೆಷಿನ್‌ಗಳ ಅಡಿಗೆಲ್ಲ ಹರಡಿದವು. ಇಬ್ಬರೂ ಮೊಣಕಾಲೂರಿ ಆಯುತ್ತಿರುವಾಗ ಅವಳು ಒಂದು ಗುಂಡಿಗೆ ಒಂದು ಮಾತಿನಂತೆ ಪಿಸುಗುಟ್ಟಿ ಹೇಳಿದಳು. ಗಂಡ ಬಹಳ ಹೊತ್ತು ಗುಂಡಿ ಆಯುತ್ತಲೇ ಇದ್ದ.

"ನೋವಾಗ್ತಿತ್ತಾ?" ಅಂದ. "ನಾನು, ನಿನಗೆ ನಾನೇ ಬೇಡ ಆದೆ ಅಂದ್ಕೊಂಡಿದ್ದೆ."

"ಏನ್ರೋ ಅದು, ಗುಂಡಿಗೂ ಗುಸುಗುಸು?" ಎಂದು ಅತ್ತೆ ಒಳಗಿಂದ ಕೂಗಿದರು.

ವಾರದ ರಜೆಯ ದಿನ ಮಧ್ಯಾಹ್ನ ಅತ್ತೆ ಮಾವ ಇಬ್ಬರೂ ಅತ್ತೆಯ ತಂಗಿಯ ಮನೆಗೆ ಹೋಗುವುದು ರೂಢಿ. ಆ ಮಧ್ಯಾಹ್ನ ಗಂಡ ಹೆಂಡತಿ ಅಂಗಡಿಯ ಶಟರ್ ಎಳೆದು, ಬಿಚ್ಚಿದ ಮೆಷಿನ್‌ಗಳ ನಡುವೆ ಕೂತು, ಒಂದೇ ಫೋನಿನೊಳಗೆ ಇಣುಕಿದರು.

"ಇದು ನೋಡು, ಹತ್ತು ಥರ ಸ್ಪೀಡಂತೆ."

"ಹತ್ತು ಯಾಕ್ರೀ? ಫ್ಯಾನಿಗೇ ಐದು."

"ಮೋಟರ್ ಎಷ್ಟು ಸುತ್ತು ಅಂತ ಬರೆದೇ ಇಲ್ಲ. ಕಳ್ಳರು. ಗ್ಯಾರಂಟಿ ಎಷ್ಟು?"

"ಗ್ಯಾರಂಟಿ ಇಟ್ಕೊಂಡು ಏನ್ಮಾಡ್ತೀರಿ? ಕೆಟ್ರೆ ಅಂಗಡಿಗೆ ಹೋಗಿ ತೋರಿಸ್ತೀರಾ?"

ಎರಡು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತಿಗೆ ನಕ್ಕರು. ಮುಂದಿನ ಚಿತ್ರ ಬಂದಾಗ ಅವಳು ಅಂಗೈಯಿಂದ ಫೋನನ್ನೇ ಮುಚ್ಚಿದಳು. "ಥೂ, ಇದು ಬೇಡ. ದೇವರು ನೋಡ್ತಾನೆ."

"ಮೈ ಕೊಟ್ಟವನೂ ಅವನೇ ಅಲ್ವೇನೇ? ಅವನಿಗೆ ಗೊತ್ತಿಲ್ಲದ್ದು ಏನಿದೆ?"

"ಗೊತ್ತಿರೋದು ಬೇರೆ, ತೋರಿಸೋದು ಬೇರೆ."

ಕೊನೆಗೆ ಹೊಳೆಯ ಬೆಣಚುಕಲ್ಲಿನ ಹಾಗಿದ್ದ, ಅಂಗೈಯಲ್ಲಿ ಅಡಗುವ, ಬೂದು ಬಣ್ಣದ ಒಂದನ್ನು ಆರಿಸಿದರು. ಮೇಲ್ಮೈ ಸಿಲಿಕೋನಿನದು, ಅದಕ್ಕೆ ಸಿಲಿಕೋನ್ ಎಣ್ಣೆ ಹಚ್ಚಿದರೆ ಹಾಳಾಗುತ್ತದೆ, ನೀರಿನದ್ದೇ ಆಗಬೇಕು ಎಂದು ಗಂಡ ಬೆರಳಿಟ್ಟು ಎರಡು ಸಲ ಓದಿದ. "ಲೂಬ್ರಿಕೇಶನ್ ಅಂದ್ರೆ ನಮ್ಮ ಕಸುಬು. ತಪ್ಪಬಾರದು," ಅಂದ. ಜೊತೆಗೆ ನೀರಿನ ಲೂಬ್ರಿಕೆಂಟಿನ ಒಂದು ಉದ್ದನೆ ಸೀಸೆಯನ್ನೂ ತರಿಸಿದರು.

ಪಾರ್ಸೆಲ್ ಬಂದಾಗ ಬಾಗಿಲಲ್ಲಿದ್ದವರು ಅತ್ತೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಏನೋ ಇದು? ಸದ್ದೂ ಇಲ್ಲ, ಭಾರವೂ ಇಲ್ಲ."

"ಬಿಡಿಭಾಗ ಅಮ್ಮ," ಅಂದ ಮಗ. ಅದು ಮೊದಲನೆಯ ಸುಳ್ಳು. ಸುಳ್ಳು ಇರುವೆಯ ಹಾಗೆ, ಒಂದೇ ಬರುವುದಿಲ್ಲ.

ಮುಂದಿನ ರಜೆಯ ಮಧ್ಯಾಹ್ನ ಮೊದಲ ಹತ್ತು ನಿಮಿಷ ಇಬ್ಬರೂ ನಾಚಿಕೆಯಲ್ಲಿ ಬೆವೆತರು. ಅವಳು ಕಣ್ಣು ಮುಚ್ಚಿಯೇ ಇದ್ದಳು. ಅವನು ಹೊಸ ಮೆಷಿನ್ ಮುಟ್ಟುವವನ ಹಾಗೆ ಕೇಳಿ ಕೇಳಿ ಮುಂದುವರಿದ. "ನಿಲ್ಲಿಸಿ" ಅಂದಾಗ ನಿಂತ. "ಸ್ವಲ್ಪ ತಾಳಿ" ಅಂದಾಗ ತಾಳಿದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಅಷ್ಟೊಂದು ಮಾತು ಆ ಹೊತ್ತಿನಲ್ಲಿ ಆಡಿದ್ದಿಲ್ಲ. ನೋವು ಬರುತ್ತದೆಂದು ಹಲ್ಲು ಕಚ್ಚಿ ಕಾದಳು, ಬರಲಿಲ್ಲ. ಆ ಸಂಜೆ ಬೀನ್ಸ್ ಬಿಡಿಸುತ್ತಾ ಅವಳು ಏನೋ ಗುನುಗಿದ್ದನ್ನು ಕೇಳಿ ಅತ್ತೆ, "ಏನು, ಮಗಳು ಊರಿಗೆ ಬರ್ತಾಳಂತಾ?" ಎಂದು ಕೇಳಿದರು.

ಹೀಗೆ ಎರಡು ರಜೆ ಕಳೆಯಿತು. ಮೂರನೆಯ ವಾರ ತಪ್ಪಾಯಿತು.

ಲೂಬ್ರಿಕೆಂಟಿನ ಸೀಸೆಯ ಹೊರಮೈ ಜಿಗುಟಾಗಿದೆಯೆಂದು ಸೊಸೆ ಅದನ್ನು ತೊಳೆದು, ಒಣಗಲೆಂದು ಬಚ್ಚಲಿನ ಗೂಡಿನಲ್ಲಿಟ್ಟು ಮರೆತಳು. ಅವಳು ಅಡುಗೆಮನೆಯ ಪಕ್ಕದ ಒಗೆಯುವ ಕಲ್ಲಿನ ಬಳಿ ಬಟ್ಟೆ ಒಗೆಯುತ್ತಿರುವಾಗ ಮಾವ ಸೀಸೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಬಂದರು. ಹೊರದೇಶದ ಅಕ್ಷರಗಳಲ್ಲಿ ಅವರಿಗೆ ಓದಲು ಬರುತ್ತಿದ್ದುದು ಒಂದೇ ಒಂದು ಪದ. ಐವತ್ತು ವರ್ಷ ಎಣ್ಣೆಯ ಡಬ್ಬಗಳ ಮೇಲೆ ನೋಡಿ ನೋಡಿ ಕಲಿತ ಪದ.

"ಲೂ... ಬ್ರಿ... ಕೆಂಟ್," ಎಂದು ಓದಿದರು. "ಇದೇನಮ್ಮ ಹೊಸದು?"

ಸೊಸೆಯ ಕೈಯಲ್ಲಿ ಸೋಪಿನ ನೊರೆ. ಮುಖದಲ್ಲಿ ರಕ್ತವಿಲ್ಲ. "ಮೆಷಿನ್ದು ಮಾವ," ಅಂದಳು. "ಹೊಸ ಎಣ್ಣೆ. ಅವರು ತರಿಸಿದ್ದು."

"ಬಚ್ಚಲಲ್ಲಿ ಯಾಕಿತ್ತು?"

"ಕೈ ತೊಳೆಯೋಕೆ ಬಂದಾಗ ಮರೆತಿರಬೇಕು."

ಮಾವ ಒಂದು ಹನಿ ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದರು. "ಅಬ್ಬಾ, ಏನು ಜಾರು! ವಾಸನೆಯಿಲ್ಲ, ಬಣ್ಣವಿಲ್ಲ." ಬೆರಳನ್ನು ಅಂಗಿಯ ಅಂಚಿಗೆ ಒರೆಸಿ ಬೆಳಕಿಗೆ ಹಿಡಿದರು. "ನೋಡಮ್ಮ ನೋಡು, ಕಲೆಯೇ ಇಲ್ಲ! ಬಿಳಿ ಬಟ್ಟೆಗೆ ಎಣ್ಣೆ ಕಲೆ ಆಗುತ್ತೆ ಅಂತ ಯೂನಿಫಾರ್ಮಿನಕ್ಕ ಇಪ್ಪತ್ತು ವರ್ಷದಿಂದ ಬೈತಾಳೆ. ಈ ಜನ್ಮದಲ್ಲಿ ಅವಳ ಬಾಯಿ ಮುಚ್ಚಿಸೋ ಎಣ್ಣೆ ನೋಡ್ತೀನಿ ಅಂದ್ಕೊಂಡಿರಲಿಲ್ಲ."

ಇನ್ಯಾರಾದರೂ ಹೇಳಿದ್ದರೆ ಆ ಬೆರಳುಗಳಿಗೆ ಸಂಶಯ ಬರುತ್ತಿತ್ತೇನೋ. ಹೇಳಿದವಳು ಸೊಸೆ. ಅವಳ ಮಾತನ್ನು ಅವರು ಎಂದೂ ಉಜ್ಜಿ ನೋಡಿದವರಲ್ಲ.

ಸಂಜೆ ಅವಳು ನೋಡಿದಾಗ ಸೀಸೆ ಅಂಗಡಿಯ ಹಲಗೆಯ ಮೇಲೆ ಉಳಿದ ಎಣ್ಣೆಗಳ ಸಾಲಿನಲ್ಲಿ ನಿಂತಿತ್ತು. ಅರ್ಧ ಖಾಲಿ. ಯಾರೂ ಇಲ್ಲದ ಹೊತ್ತು ನೋಡಿ ಎತ್ತಿಕೊಂಡು ಒಳಗೆ ಬಚ್ಚಿಟ್ಟಳು. ಎಲ್ಲಿಗೆ ಹಾಕಿದಿರಿ ಮಾವ ಎಂದು ಒಂದು ಮಾತು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಿದರೆ ಯಾಕೆಂದು ಹೇಳಬೇಕಾಗುತ್ತದೆ. ಅವಳು ಕೇಳಲಿಲ್ಲ. ಗಂಡನಿಗೂ ಹೇಳಲಿಲ್ಲ.

ಅದರ ಮುಂದಿನ ರಜೆಗೆ ಮಾವ ಮಂಡಿನೋವೆಂದು ಅಂಗಡಿಯಲ್ಲೇ ಚಾಪೆ ಹಾಕಿ ಮಲಗಿದರು. ಅತ್ತೆ ಒಬ್ಬರೇ ಹೋದರು. ಗೊರಕೆ ಕೇಳಿಸುತ್ತಿತ್ತು. ಗಂಡ ಹೆಂಡತಿ ಒಳಕೋಣೆಯ ಬಾಗಿಲು ಹಾಕಿಕೊಂಡರು.

ಸಂಜೆ ಚಹಾ ಕುಡಿಯುತ್ತಾ ಮಾವ ಕೇಳಿದರು, "ಒಳಗೆ ಯಾವ ಮೋಟರ್ ಓಡ್ತಿತ್ತೋ?"

ಮಗನ ಗಂಟಲಿಗೆ ಚಹಾ ಸಿಕ್ಕಿಕೊಂಡಿತು. "ಯಾವ ಮೋಟರ್ ಅಪ್ಪ?"

"ಸಣ್ಣದು. ಜೇನುಹುಳದ ಹಾಗೆ. ಒಳಗೇನೋ ಸಡಿಲ ಆಗಿದೆ ಅದಕ್ಕೆ, ಒಂದು ಕಡೆ ಎಳೀತಾ ಇದೆ. ತಂದುಕೊಡು, ನೋಡೋಣ."

"ಯಾವುದೂ ಇಲ್ಲ ಅಪ್ಪ. ಪಕ್ಕದ ಮನೇದಿರಬೇಕು."

"ಪಕ್ಕದ ಮನೆ ಸದ್ದು ಗೋಡೆಯ ಬುಡದಿಂದ ಬರುತ್ತೆ. ಇದು ಎದುರಿಂದ ಬಂತು."

"ಕನಸು ಕಂಡಿರ್ತೀರಿ."

ಆಗಷ್ಟೇ ಬಂದಿದ್ದ ಅತ್ತೆ ಚಪ್ಪಲಿ ಬಿಡುತ್ತಾ, "ಮುದುಕರಿಗೆ ಕನಸಲ್ಲೂ ಕಸುಬೇ," ಅಂದರು. ಎಲ್ಲರೂ ನಕ್ಕರು. ಸೊಸೆ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಮರುದಿನವೇ ಯೂನಿಫಾರ್ಮಿನಕ್ಕ ಬಂದಳು. ಶಾಲೆ, ಆಸ್ಪತ್ರೆಗಳಿಗೆ ಬಿಳಿ ಸಮವಸ್ತ್ರ ಹೊಲಿಸುವವಳು. ದನಿ ಬಾಗಿಲಿಗಿಂತ ಮೊದಲು ಒಳಗೆ ಬರುತ್ತದೆ. ಆಟೋದಿಂದ ಮೂರು ಮೆಷಿನ್ ತಲೆಗಳನ್ನು ಇಳಿಸಿ ಮೇಜಿನ ಮೇಲೆ ಕುಕ್ಕಿದಳು.

"ಕಿವಿ ಮೇಸ್ತ್ರಿಗಳೇ, ನೋಡಿ ನಿಮ್ಮ ಸರ್ವಿಸು! ಶಟಲ್ಲು ಕೆಂಪಗೆ ತುಕ್ಕು. ಸೂಜಿಕಂಬ ಅಂಟ್ಕೊಂಡು ಮೇಲೇಳ್ತಾ ಇಲ್ಲ. ಕಲೆ ಆಗೋದಿಲ್ಲ ಅಂದ್ರಲ್ಲ, ಹೌದು, ಎಣ್ಣೆ ಕಲೆ ಆಗ್ಲಿಲ್ಲ, ತುಕ್ಕಿನ ಕಲೆ ಆಯ್ತು! ಎಂಬತ್ತು ಅಂಗಿ!"

ಮಗ ಸೂಜಿಯ ಕೆಳಗಿನ ತಗಡಿನ ಪಟ್ಟಿ ಬಿಚ್ಚಿ ಒಳಗೆ ಬೆರಳಾಡಿಸಿದ. "ಅಪ್ಪ, ಏನು ಹಾಕಿದ್ರಿ ಇದಕ್ಕೆ? ನೀರು ಹಾಕಿದ್ರಾ?"

"ನೀರು ಯಾಕೋ ಹಾಕ್ಲಿ? ನೀನು ತರಿಸಿದ ಹೊಸ ಎಣ್ಣೆ. ಆ ಉದ್ದನೆ ಸೀಸೆ. ಲೂಬ್ರಿಕೆಂಟ್."

ಗಂಡನಿಗೆ ಆಗ ತಿಳಿಯಿತು. ಕಿಟಕಿಯ ಬಳಿ ಕೂತ ಹೆಂಡತಿಯನ್ನು ನೋಡಿದ. ಅವಳ ಸೂಜಿ ಕಾಜಾದ ನಡುವೆ ನಿಂತಿತ್ತು. ಯೂನಿಫಾರ್ಮಿನಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅತ್ತೆ ಸೌಟು ಹಿಡಿದು ಬಾಗಿಲಿಗೆ ಬಂದಿದ್ದರು.

"ನಾನು ಯಾವ ಎಣ್ಣೆಯೂ ತರಿಸಿಲ್ಲ ಅಪ್ಪ," ಅಂದ ಮಗ.

ಮಾವ ಸೊಸೆಯ ಕಡೆ ತಿರುಗಿದರು. "ನೀನೇ ಹೇಳಿದೆಯಲ್ಲಮ್ಮ? ಬಟ್ಟೆ ಒಗೀತಾ ಇದ್ದೆ. ಮೆಷಿನ್ದು ಅಂದೆ."

ಆ ಕ್ಷಣ ಅವಳ ಮುಂದೆ ಎರಡು ದಾರಿಯಿತ್ತು. ಒಂದರಲ್ಲಿ ಅವಳ ಮಾನ, ಒಂದರಲ್ಲಿ ಅವರದು.

"ನನಗೆ ನೆನಪಿಲ್ಲ ಮಾವ," ಅಂದಳು.

ಮಾವ ಹಲಗೆಯ ಮೇಲಿನ ಸೀಸೆಗಳನ್ನು ಒಂದೊಂದೇ ಮುಟ್ಟಿ ನೋಡಿದರು. ಆ ಉದ್ದನೆ ಸೀಸೆ ಅಲ್ಲಿರಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಮುಟ್ಟಿದರು. "ಇಲ್ಲೇ ಇತ್ತು," ಅಂದರು. ಆಮೇಲೆ ಮೆಲ್ಲಗೆ, "ಇರಲಿಲ್ವಾ?" ಅಂದರು.

ಅಂದಿನಿಂದ ಸ್ಟೂಲು ಖಾಲಿಯಾಯಿತು. ಎಣ್ಣೆ ಡಬ್ಬಿಯನ್ನು ಮಗನ ಮೇಜಿನ ಮೇಲಿಟ್ಟು, "ನೀನೇ ನೋಡ್ಕೋ," ಎಂದು ಒಳಗೆ ಹೋಗಿ ಕೂತರು. ಗಿರಾಕಿಗಳು ಕೇಳಿದರೆ ಮಗ, "ಅಪ್ಪನಿಗೆ ಹುಷಾರಿಲ್ಲ," ಅನ್ನುತ್ತಿದ್ದ. ಯಾರಾದರೂ ಮೆಷಿನ್ ತುಳಿದರೆ ಒಳಗೆ ಮಾವನ ತಲೆ ತಾನಾಗಿ ಓರೆಯಾಗುತ್ತಿತ್ತು. ಮರುಕ್ಷಣ ಅವರೇ ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಅತ್ತೆ ಬೆಂಕಿಪೊಟ್ಟಣ ಬಚ್ಚಿಡತೊಡಗಿದರು. "ಇವತ್ತು ಎಣ್ಣೆ ಯಾವುದು ನೀರು ಯಾವುದು ತಿಳೀಲಿಲ್ಲ. ನಾಳೆ ನಾನು ಯಾರು, ಪಕ್ಕದ ಮನೆಯವಳು ಯಾರು ಅಂತಾನೂ ತಿಳಿಯಲ್ಲ," ಎಂದು ಗದರುವರು, ಆಮೇಲೆ ಒಲೆಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುವರು. ಊಟಕ್ಕೆ ಕೂತರೆ ಮಾವ ತುತ್ತಿನ ನಡುವೆ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಹದಿನೇಳೇಳಲ ನೂರ ಹತ್ತೊಂಬತ್ತು. ಸರಿಯಾಗಿಯೇ ಇರುತ್ತಿತ್ತು. "ಸರಿನಾ?" ಎಂದು ಸೊಸೆಯನ್ನು ಕೇಳುತ್ತಿದ್ದರು. "ಸರಿ ಮಾವ," ಎಂದು ಅವಳು ತಟ್ಟೆ ನೋಡಿಕೊಂಡು ಹೇಳುತ್ತಿದ್ದಳು.

ಸೀಸೆ, ಸಾಧನ ಎರಡೂ ಹಳೆ ಬಟ್ಟೆಯ ಗಂಟಿನೊಳಗೆ ಹೋದವು. ರಜೆಯ ಮಧ್ಯಾಹ್ನಗಳಲ್ಲಿ ಗಂಡ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ.

"ಹೇಳಿಬಿಡೋಣ ರೀ," ಅಂದಳು ಒಂದು ದಿನ.

"ಏನಂತ ಹೇಳೋದು? ಅಪ್ಪನ ಮುಖ ನಾನು ಹೇಗೆ ನೋಡ್ಲಿ?"

"ಅವರು ಒಂದು ತಿಂಗಳಿಂದ ಯಾರ ಮುಖ ನೋಡಿದ್ದಾರೆ?"

ಗಂಡ ಹೊದಿಕೆ ಎಳೆದುಕೊಂಡ. "ವಯಸ್ಸಾಯ್ತು. ಹೇಗೂ ಇವತ್ತಲ್ಲ ನಾಳೆ ಬಿಡಲೇಬೇಕಿತ್ತು," ಅಂದ. ಅಂದ ಮೇಲೆ ಅವನಿಗೇ ಅದು ಕೇಳಿಸಿತು. ಮುಖದ ಮೇಲೂ ಹೊದ್ದುಕೊಂಡ.

ತಲೆಯ ಡಾಕ್ಟರಿಗೆ ತೋರಿಸಬೇಕೆಂದು ಅತ್ತೆ ಹಟ ಹಿಡಿದರು. ದಿನ ಗೊತ್ತಾಯಿತು. ಹಿಂದಿನ ದಿನ ಬೆಳಿಗ್ಗೆ, ಮಗ ಪೇಟೆಗೆ ಹೋದ ಮೇಲೆ, ಮಾವ ಒಂದು ಹಾಳೆ, ಒಂದು ಪೆನ್ನು ಹಿಡಿದು ಕಿಟಕಿಯ ಬಳಿಗೆ ಬಂದರು.

"ಅಮ್ಮಾ, ನನಗೊಂದು ಉಪಕಾರ ಮಾಡು. ನಾನು ಏನೇನು ತಪ್ಪು ತಿಳ್ಕೊಂಡೆ, ಏನೇನು ಮರೆತೆ, ಎಲ್ಲ ಬರೆದುಕೊಡು. ಡಾಕ್ಟರು ಕೇಳ್ತಾರಂತೆ. ನನ್ನ ಮಗ ನನಗೆ ಬೇಜಾರಾಗುತ್ತೆ ಅಂತ ಅರ್ಧ ಹೇಳ್ತಾನೆ. ನಿಮ್ಮತ್ತೆ ಎರಡರಷ್ಟು ಹೇಳ್ತಾಳೆ. ನೀನು ಇದ್ದದ್ದು ಇದ್ದ ಹಾಗೆ ಬರೀತೀಯ."

ಸೊಸೆ ಹಾಳೆ ತೊಡೆಯ ಮೇಲಿಟ್ಟುಕೊಂಡಳು. "ಒಂದು," ಎಂದು ಮಾವ ಬೆರಳು ಮಡಚಿದರು. "ಇಲ್ಲದ ಮೋಟರಿನ ಸದ್ದು ಕೇಳಿಸಿತು, ಅಂತ ಬರಿ." ಅವಳು ಬರೆಯಲಿಲ್ಲ. "ಎರಡು, ಇಲ್ಲದ ಎಣ್ಣೆ ಕಣ್ಣಿಗೆ ಬಿತ್ತು. ಕೈಗೂ ಸಿಕ್ಕಿತು. ಓದಿದೆ ಕೂಡ. ಅದನ್ನೂ ಬರಿ, ಇಲ್ಲದ ಅಕ್ಷರ ಓದಿದ ಅಂತ. ಬರೀತಾ ಇದ್ದೀಯಾ? ಪೆನ್ನಿನ ಸದ್ದೇ ಬರ್ತಿಲ್ಲ." ಅವರು ತಡೆದು, ತಮ್ಮ ಕಿವಿಯನ್ನು ಮುಟ್ಟಿಕೊಂಡರು. "ಅಥವಾ ಬರ್ತಾ ಇದೆಯಾ?"

ಸೊಸೆ ಎದ್ದಳು. ಒಳಗೆ ಹೋಗಿ ಗಂಟು ಬಿಚ್ಚಿ ಸೀಸೆ ತಂದಳು. ಮಾವನ ಎರಡೂ ಕೈ ಹಿಡಿದು, ಅವುಗಳ ನಡುವೆ ಇಟ್ಟಳು.

"ಪೆನ್ನಿನ ಸದ್ದು ಬಂದಿಲ್ಲ ಮಾವ. ನಾನು ಬರೆದಿಲ್ಲ."

ಮಾವ ಸೀಸೆಯನ್ನು ತಡವಿದರು. ಉದ್ದನೆ ಕತ್ತು. ಮೂಗಿನ ಹತ್ತಿರ ಹಿಡಿದರು. "ಲೂ... ಬ್ರಿ..." ಎಂದು ನಿಲ್ಲಿಸಿದರು.

"ಅದು ಮೆಷಿನ್ದಲ್ಲ." ಅವಳ ಕಣ್ಣು ನೆಲ ಬಿಟ್ಟು ಏಳಲಿಲ್ಲ. "ಗಂಡ ಹೆಂಡತಿದು. ನನಗೆ ಮೈ ಸರಿ ಇರಲಿಲ್ಲ. ಡಾಕ್ಟರಮ್ಮ ಹೇಳಿದ್ರು, ತರಿಸಿದ್ವಿ. ನೀವು ಕೇಳಿದಾಗ ನಾಚಿಕೆಗೆ ಸುಳ್ಳು ಹೇಳ್ದೆ. ಅವತ್ತು ಎಲ್ಲರ ಮುಂದೆ ಇನ್ನೊಂದು ಸುಳ್ಳು ಹೇಳ್ದೆ. ಅದು ನೀರಿನದ್ದು ಮಾವ, ಎಣ್ಣೆಯಲ್ಲ. ಅದಕ್ಕೇ ತುಕ್ಕು ಬಂತು. ನಿಮ್ಮ ತಲೆ ಸರಿಯಾಗಿದೆ. ನನ್ನ ನಾಲಿಗೆ ಸರಿ ಇರಲಿಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಾವನ ಕುತ್ತಿಗೆ, ಕಿವಿ ಕೆಂಪಾದವು. ಸುಟ್ಟ ಕಬ್ಬಿಣ ಕೈಗೆ ಬಂದವರ ಹಾಗೆ ಸೀಸೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಗೋಡೆಯ ಕಡೆ ತಿರುಗಿದರು.

ಆಮೇಲೆ, ಗೋಡೆಗೇ ಕೇಳಿದ ಹಾಗೆ, ಕೇಳಿದರು. "ಆ ಮೋಟರು?"

ಸೊಸೆಗೆ ನೆಲ ಬಾಯಿಬಿಡಬಾರದೇ ಅನಿಸಿತು. "ಇತ್ತು ಮಾವ."

"ಎದುರಿಂದ ಬಂತಲ್ಲ?"

"ಎದುರಿಂದಲೇ."

ಮಾವ ಗೋಡೆಗೆ ಹಣೆ ಆನಿಸಿದರು. ಬೆನ್ನು ಒಮ್ಮೆ ಮೇಲೆದ್ದು ಕೆಳಗಿಳಿಯಿತು. "ಇತ್ತು," ಅಂದರು. "ಇತ್ತಲ್ಲಾ. ಇತ್ತಲ್ಲಪ್ಪಾ, ದೇವರೇ." ಆಮೇಲೆ ತಿರುಗದೆಯೇ, "ಹೋಗಮ್ಮ. ಒಳಗೆ ಹೋಗು. ಸೀಸೆ ತಗೊಂಡು ಹೋಗು," ಅಂದರು.

ಅಡುಗೆಮನೆಯಲ್ಲಿ ಅತ್ತೆ ಬೀನ್ಸಿನ ಬುಟ್ಟಿಯ ಮುಂದೆ ಕೂತಿದ್ದರು. ಸೊಸೆ ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು. "ನನಗೆ ಏನೂ ಹೇಳ್ಬೇಡ. ಇಂಥದ್ದು ಕೇಳಿಸ್ಕೊಳ್ಳೋ ವಯಸ್ಸಲ್ಲ ನನ್ನದು. ಕೂತ್ಕೊಂಡು ಬಿಡಿಸು."

ಇಬ್ಬರೂ ಬಿಡಿಸಿದರು. ಅತ್ತೆಯ ಕೈ ಬಿರುಸಾಗಿತ್ತು. ನಾರಿನ ಜೊತೆ ಕಾಯಿಯೂ ತುಂಡಾಗುತ್ತಿತ್ತು.

"ತಿಂಗಳು ಪೂರ್ತಿ ಬೆಂಕಿಪೊಟ್ಟಣ ಬಚ್ಚಿಟ್ಟೆನಲ್ಲೇ," ಅಂದರು. "ನನ್ನ ಗಂಡನಿಂದ. ಕಳ್ಳನಿಂದ ಬಚ್ಚಿಟ್ಟ ಹಾಗೆ. ಅದನ್ನ ನಾನು ಮರೆಯಲ್ಲ, ತಿಳ್ಕೋ."

"ಮರೀಬೇಡಿ ಅತ್ತೆ."

ಬುಟ್ಟಿ ಅರ್ಧವಾದ ಮೇಲೆ ಮತ್ತೆ ಅಂದರು, ಈ ಸಲ ದನಿ ಇಳಿಸಿ: "ನಾನೂ ನಲವತ್ತೆಂಟಕ್ಕೆ ಬೇರೆ ಚಾಪೆ ಹಾಸ್ಕೊಂಡೆ. ಯಾಕೆ ಅಂತ ಅವರು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ." ಅಷ್ಟು ಹೇಳಿ ಎದ್ದು, ಡಬ್ಬಿಗಳ ಹಿಂದಿನಿಂದ ಬೆಂಕಿಪೊಟ್ಟಣ ತೆಗೆದು, ಒಲೆಯ ಪಕ್ಕ ಅದರ ಹಳೆಯ ಜಾಗದಲ್ಲಿಟ್ಟರು.

ತಲೆಯ ಡಾಕ್ಟರ ಬಳಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮಗ ಶಟರ್ ಎತ್ತುವಾಗ ಮಾವ ಸ್ಟೂಲಿನ ಮೇಲಿದ್ದರು. ಎಣ್ಣೆ ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ಜಾಲಾಡಿಸಿದರು. ಯೂನಿಫಾರ್ಮಿನಕ್ಕನಿಗೆ ಹೇಳಿಕಳಿಸಿ, ಮೂರೂ ಮೆಷಿನ್‌ಗಳನ್ನು ಮತ್ತೆ ತರಿಸಿ, ಶಟಲ್‌ಗಳನ್ನು ಸಣ್ಣ ಉಜ್ಜುಕಾಗದದಲ್ಲಿ ತಾವೇ ಉಜ್ಜಲು ಕೂತರು.

"ಈಗ ಗೊತ್ತಾಯ್ತಾ ಏನು ಹಾಕಿದ್ರಿ ಅಂತ?" ಅಂದಳು ಅವಳು.

"ಗೊತ್ತಾಯ್ತು. ಯಾರೋ ಮಾದರಿಗೆ ಅಂತ ಕೊಟ್ಟ ಎಣ್ಣೆ. ಕಲೆಯಾಗಲ್ಲ ಅನ್ನೋ ಆಸೆಗೆ ಬಿದ್ದು ಪರೀಕ್ಷೆ ಮಾಡದೆ ಹಾಕ್ದೆ. ತಪ್ಪು ನಂದು ತಾಯಿ."

ಕಿಟಕಿಯ ಬಳಿ ಸೊಸೆಯ ಸೂಜಿ ಬೆರಳಿಗೆ ಚುಚ್ಚಿತು. ರಾತ್ರಿಯೇ ಹೆಂಡತಿಯಿಂದ ಎಲ್ಲ ಕೇಳಿದ್ದ ಮಗ ತಲೆಯೆತ್ತದೆ ಸ್ಕ್ರೂ ತಿರುಗಿಸುತ್ತಿದ್ದ. ಆ ಸ್ಕ್ರೂ ಆಗಲೇ ಬಿಗಿಯಾಗಿತ್ತು. ಮಾವನ ಬಾಯಿಂದ ಅವರ ಆಯುಷ್ಯದಲ್ಲೇ ಸುಳ್ಳು ಬಂದದ್ದನ್ನು ಆ ಮನೆ ಕೇಳಿರಲಿಲ್ಲ.

ಆ ಮೇಲೆ ಮಾವ ಒಳಗೆ ಬರುವ ಮುಂಚೆ ಸ್ಪ್ಯಾನರಿನಿಂದ ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟುವುದನ್ನು ರೂಢಿಸಿಕೊಂಡರು. ಪ್ರತಿ ತಟ್ಟಿಗೂ ಸೊಸೆಯ ಕಿವಿ ಬಿಸಿಯಾಗುತ್ತಿತ್ತು. ಅವಳು ಅವರಿಗೆ ಚಹಾ ಕೊಡುವಾಗ ಲೋಟ ನೋಡುವಳು, ಅವರು ತೆಗೆದುಕೊಳ್ಳುವಾಗ ಲೋಟ ನೋಡುವರು. ಗಂಡ ಒಂದು ದಿನ ಆ ಬೂದು ಸಾಧನವನ್ನು ಸೂಕ್ಷ್ಮವಾಗಿ ಬಿಚ್ಚಿ ಅವಳಿಗೆ ತೋರಿಸಿದ. ಒಳಗಿನ ಮೋಟರಿನ ಕಡ್ಡಿಯ ಮೇಲೆ ಒಂದು ಪುಟ್ಟ ತೂಕ. ಅದು ಸಡಿಲವಾಗಿ ಒಂದು ಕಡೆ ಸರಿದಿತ್ತು. "ಗೋಡೆ ಆಚೆ ಮಲಗಿ ಹೇಳಿದ್ರಲ್ಲೇ," ಅಂದ. ನಗಲು ಹೋದವನು ನಗಲಾರದೆ ಕಣ್ಣು ಒರೆಸಿಕೊಂಡ.

ಮುಂದಿನ ರಜೆಯ ದಿನ ಮಾವ ಮಂಡಿನೋವನ್ನು ಲೆಕ್ಕಿಸದೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದರು. "ನಡಿಯೇ, ನಿನ್ನ ತಂಗಿ ಕಾಯ್ತಿರ್ತಾಳೆ," ಎಂದು ಅತ್ತೆಯನ್ನು ಹೊರಡಿಸಿದರು. ಅವರು ಹೋದ ಮೇಲೆ ಸೊಸೆ ಗುಡಿಸಲೆಂದು ಒಳಕೋಣೆಯ ಬಾಗಿಲಿಗೆ ಬಂದರೆ, ಹೊಸ್ತಿಲಿನ ಪಕ್ಕ ಒಂದು ತಗಡಿನ ಪೆಟ್ಟಿಗೆ ಇತ್ತು. ಮಾವ ಐವತ್ತು ವರ್ಷದಿಂದ ಬಾಬಿನ್ ಇಟ್ಟುಕೊಳ್ಳುತ್ತಿದ್ದ ಪೆಟ್ಟಿಗೆ. ಖಾಲಿ ಮಾಡಿ, ಒರೆಸಿ, ಒಂದು ಪುಟ್ಟ ಬೀಗ ಹಾಕಿದ್ದರು. ಬೀಗದಕೈಯನ್ನು ಬಿಳಿ ನೂಲಿನಲ್ಲಿ ಹಿಡಿಗೆ ಕಟ್ಟಿದ್ದರು. ಚೀಟಿಯಿರಲಿಲ್ಲ, ಮಾತಿರಲಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಆದರೂ ಕೈ ಚಾಚಿ ಬೀಗದಕೈ ತಿರುಗಿಸಿದಳು. ಹಳೆಯ ಬೀಗ, ಸದ್ದೇ ಇಲ್ಲದೆ ತೆರೆದುಕೊಂಡಿತು. ಬೆರಳಿಗೆ ಏನೋ ಹತ್ತಿತು. ಮೂಸಿ ನೋಡಿದಳು. ಮೆಷಿನ್ ಎಣ್ಣೆ. ಒರೆಸಿದ ಕಡೆ ಅವಳ ಬಿಳಿ ಬಟ್ಟೆಯ ಅಂಚಿಗೆ ಕಪ್ಪಗೆ ಕಲೆಯಾಯಿತು. ಆ ದಿನ ಅವಳು ಅದನ್ನು ತೊಳೆಯಲಿಲ್ಲ.